ಶಸ್ತ್ರಚಿಕಿತ್ಸೆಯ ನಂತರ ರಕ್ತನಾಳದ ಮೂಲಕ ಕೊಬ್ಬು: ಏಕೆ, ಎಷ್ಟು, ಎಷ್ಟು ನಿಧಾನವಾಗಿ

ಪ್ರಶ್ನೆ: ನನ್ನ ತಂದೆಗೆ 62 ವರ್ಷ, ತೂಕ ಸುಮಾರು 60 ಕಿಲೋ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ದೊಡ್ಡ ಕರುಳಿನ ಗೆಡ್ಡೆಯನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದ ಆರನೆಯ ದಿನ ಕರುಳಿನ ಜೋಡಣೆ ಸೋರಿದ್ದರಿಂದ ಮತ್ತೊಮ್ಮೆ ಹೊಟ್ಟೆ ತೆರೆಯಬೇಕಾಯಿತು. ಈಗ ಬಾಯಿಯಿಂದಾಗಲಿ ಮೂಗಿನ ಕೊಳವೆಯಿಂದಾಗಲಿ ಆಹಾರ ಕೊಡುವಂತಿಲ್ಲ. ಕುತ್ತಿಗೆಯ ರಕ್ತನಾಳಕ್ಕೆ ಹಾಕಿರುವ ಕೊಳವೆಯ ಮೂಲಕ ಹಾಲಿನಂತಹ ಬಿಳಿಯ ದ್ರವವನ್ನು ಹನಿಹನಿಯಾಗಿ ಬಿಡುತ್ತಿದ್ದಾರೆ. ವಿಚಾರಿಸಿದಾಗ ಅದು ಎಣ್ಣೆ, ಅಂದರೆ ಕೊಬ್ಬು ಎಂದರು. ಎಣ್ಣೆಯನ್ನು ನೇರವಾಗಿ ರಕ್ತಕ್ಕೆ ಸೇರಿಸಿದರೆ ರಕ್ತನಾಳ ಕಟ್ಟಿಕೊಳ್ಳುವುದಿಲ್ಲವೇ? ರಕ್ತದಲ್ಲಿನ ಕೊಬ್ಬನ್ನು ಸೂಚಿಸುವ ಅವರ ಟ್ರೈಗ್ಲಿಸರೈಡ್ ಈಗಾಗಲೇ 310 ಇದೆ. ಗ್ಲೂಕೋಸ್ ಮತ್ತು ಪ್ರೋಟೀನ್ ಮಾತ್ರ ಕೊಟ್ಟರೆ ಸಾಲದೇ? ಸೋಯಾ ಎಣ್ಣೆಗಿಂತ ಮೀನೆಣ್ಣೆ ಇರುವ ದ್ರವವೇ ಒಳ್ಳೆಯದು ಎಂದು ಓದಿದ್ದೇನೆ. ಅದನ್ನೇ ಕೊಡಿ ಎಂದು ಕೇಳಬೇಕೇ?

ಉತ್ತರ: ನಿಮ್ಮ ಮೊದಲ ಭಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ಬಿಳಿಯ ಬಾಟಲಿಯನ್ನು ಕಂಡ ಬಹುತೇಕ ಕುಟುಂಬದವರು ಕೇಳುವ ಪ್ರಶ್ನೆ ಅದೇ, ಮತ್ತು ಅದು ಅರ್ಥವಿಲ್ಲದ ಭಯವೇನೂ ಅಲ್ಲ. ಅಡುಗೆಯ ಎಣ್ಣೆಯನ್ನು ಇದ್ದ ಹಾಗೆಯೇ ರಕ್ತನಾಳಕ್ಕೆ ಚುಚ್ಚಿದರೆ ಅದು ಶ್ವಾಸಕೋಶದ ಸೂಕ್ಷ್ಮ ನಾಳಗಳಲ್ಲಿ ಸಿಕ್ಕಿಕೊಂಡು ಜೀವ ತೆಗೆಯುತ್ತದೆ. ಹದಿನೇಳನೆಯ ಶತಮಾನದಲ್ಲೇ ಒಬ್ಬರು ನಾಯಿಯೊಂದರ ರಕ್ತನಾಳಕ್ಕೆ ಆಲಿವ್ ಎಣ್ಣೆಯನ್ನು ಚುಚ್ಚಿ ನೋಡಿದ್ದರು. ನಾಯಿ ಉಸಿರುಕಟ್ಟಿ ಸತ್ತಿತು. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಎಂಬ ಸರಳ ಸಂಗತಿಯೇ ಆನಂತರದ ಸುಮಾರು ಮುನ್ನೂರು ವರ್ಷಗಳ ಕಾಲ ಈ ಚಿಕಿತ್ಸೆಗೆ ಅಡ್ಡಿಯಾಗಿತ್ತು. ಆದ್ದರಿಂದ ನಿಮ್ಮ ತಂದೆಯವರಿಗೆ ಹೋಗುತ್ತಿರುವುದು ಎಣ್ಣೆಯಲ್ಲ, ಎಣ್ಣೆಯ ಎಮಲ್ಷನ್ ಎಂಬ ವ್ಯತ್ಯಾಸವನ್ನು ಮೊದಲು ಗಮನಿಸಬೇಕು. ಅದರಲ್ಲಿ ಎಣ್ಣೆಯನ್ನು ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಚಿಕ್ಕದಾದ ಹನಿಗಳಾಗಿ ಒಡೆದು, ಪ್ರತಿ ಹನಿಯ ಸುತ್ತಲೂ ಮೊಟ್ಟೆಯ ಹಳದಿಯಿಂದ ತೆಗೆದ ಫಾಸ್ಫೋಲಿಪಿಡ್‌ನ ತೆಳು ಹೊದಿಕೆಯನ್ನು ಕೂರಿಸಿರುತ್ತಾರೆ, ಮತ್ತು ಇಡೀ ದ್ರವದ ಸಾಂದ್ರತೆ ರಕ್ತಕ್ಕೆ ಹೊಂದುವಂತೆ ಸ್ವಲ್ಪ ಗ್ಲಿಸರಾಲ್ ಬೆರೆಸಿರುತ್ತಾರೆ. ಹನಿಗಳ ಸರಾಸರಿ ಗಾತ್ರ ಸುಮಾರು 300 ನ್ಯಾನೋಮೀಟರ್, ಅಂದರೆ ಕೆಂಪು ರಕ್ತಕಣದ ಇಪ್ಪತ್ತರಲ್ಲಿ ಒಂದು ಭಾಗಕ್ಕೂ ಕಡಿಮೆ. ರಕ್ತಕಣ ನುಸುಳುವ ದಾರಿಯಲ್ಲಿ ಈ ಹನಿ ಸಿಕ್ಕಿಕೊಳ್ಳುವುದಿಲ್ಲ.

ಇದರಲ್ಲಿ ದೇಹಕ್ಕೆ ಹೊಸದೇನೂ ಇಲ್ಲ. ನಾವು ತುಪ್ಪವನ್ನೋ ಎಣ್ಣೆಯನ್ನೋ ತಿಂದಾಗ ಕರುಳಿನ ಗೋಡೆ ಆ ಕೊಬ್ಬನ್ನು ಇಂತಹುದೇ ಸಣ್ಣ ಹನಿಗಳಾಗಿ ಕಟ್ಟಿ, ದುಗ್ಧರಸ ನಾಳಗಳ ಮೂಲಕ ಕುತ್ತಿಗೆಯ ಬುಡದಲ್ಲಿ ರಕ್ತಕ್ಕೆ ಸುರಿಯುತ್ತದೆ. ಈ ಹನಿಗಳಿಗೆ ಕೈಲೊಮೈಕ್ರಾನ್ ಎಂದು ಹೆಸರು. ಊಟವಾದ ಕೆಲವು ಗಂಟೆಗಳ ನಂತರ ಕರುಳಿನ ದುಗ್ಧರಸ ಹಾಲಿನಷ್ಟೇ ಬೆಳ್ಳಗಿರುತ್ತದೆ. ‘ದುಗ್ಧ’ ಎಂಬ ಹಾಲಿನ ಹೆಸರು ಆ ರಸಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ನಿಮ್ಮ ತಂದೆಯವರ ಕುತ್ತಿಗೆಯ ಕೊಳವೆಯಲ್ಲಿ ಹರಿಯುತ್ತಿರುವುದು, ಕರುಳು ಮಾಡಬೇಕಾಗಿದ್ದ ಕೆಲಸವನ್ನು ಕಾರ್ಖಾನೆಯಲ್ಲಿ ಮಾಡಿ ತಂದ ದ್ರವ. ರಕ್ತಕ್ಕೆ ಸೇರಿದ ಮೇಲೆ ಅದರ ಹನಿಗಳು ಕೊಬ್ಬನ್ನು ಹೊತ್ತೊಯ್ಯುವ ದೇಹದ್ದೇ ಕಣಗಳಾದ ಲಿಪೊಪ್ರೋಟೀನ್‌ಗಳಿಂದ ಕೆಲವು ಪ್ರೋಟೀನುಗಳನ್ನು ಎರವಲು ಪಡೆಯುತ್ತವೆ, ಸೂಕ್ಷ್ಮ ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡಿರುವ ಲಿಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಅವುಗಳನ್ನು ಒಡೆಯುತ್ತದೆ, ಬಿಡುಗಡೆಯಾದ ಕೊಬ್ಬಿನಾಮ್ಲಗಳನ್ನು ಸ್ನಾಯು, ಹೃದಯ ಮತ್ತು ಯಕೃತ್ತು ಉರುವಲಾಗಿ ಬಳಸುತ್ತವೆ. ಹೃದಯಾಘಾತಕ್ಕೆ ಕಾರಣವಾಗುವ ರಕ್ತನಾಳದ ಗಡಸುತನ ವರ್ಷಗಟ್ಟಲೆ ಬೆಳೆಯುವ ಕಾಯಿಲೆ. ಕೆಲವು ವಾರಗಳ ಈ ಆಹಾರದಿಂದ ಅದು ಬರುವುದಿಲ್ಲ. ಆದರೆ ಆ ಕಿಣ್ವ ಒಂದು ಗಂಟೆಯಲ್ಲಿ ಎಷ್ಟು ಕೊಬ್ಬನ್ನು ಒಡೆಯಬಲ್ಲದು ಎಂಬುದಕ್ಕೆ ಮಿತಿಯಿದೆ. ಈ ಚಿಕಿತ್ಸೆಯ ಸುರಕ್ಷತೆಯ ಬಹುಪಾಲು ನಿಂತಿರುವುದು ಆ ಮಿತಿಯ ಮೇಲೆ, ಆದ್ದರಿಂದ ಅದಕ್ಕೆ ಮತ್ತೆ ಬರುತ್ತೇನೆ.

ಗ್ಲೂಕೋಸ್ ಮತ್ತು ಪ್ರೋಟೀನ್ ಮಾತ್ರ ಸಾಲದೇ ಎಂಬ ನಿಮ್ಮ ಪ್ರಶ್ನೆಯನ್ನು ಒಂದು ಕಾಲದಲ್ಲಿ ವೈದ್ಯಲೋಕವೇ ಕೇಳಿಕೊಂಡಿತ್ತು. ಅಮೆರಿಕದಲ್ಲಿ 1950ರ ದಶಕದಲ್ಲಿ ಬಳಕೆಗೆ ಬಂದ ಹತ್ತಿಬೀಜದ ಎಣ್ಣೆಯ ಎಮಲ್ಷನ್ ಜ್ವರ, ಕಾಮಾಲೆ, ರಕ್ತಸ್ರಾವದಂತಹ ತೊಂದರೆಗಳನ್ನು ತಂದದ್ದರಿಂದ ಅದನ್ನು ಹಿಂತೆಗೆದುಕೊಳ್ಳಲಾಯಿತು. 1960ರ ದಶಕದ ಕೊನೆಯಲ್ಲಿ ಫಿಲಡೆಲ್ಫಿಯಾದ ಸ್ಟಾನ್ಲಿ ಡುಡ್ರಿಕ್ ಮತ್ತು ಅವರ ಸಹೋದ್ಯೋಗಿಗಳು ದೊಡ್ಡ ರಕ್ತನಾಳದ ಮೂಲಕ ಗಟ್ಟಿ ಗ್ಲೂಕೋಸ್ ಮತ್ತು ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳನ್ನು ಕೊಟ್ಟು ನಾಯಿಮರಿಗಳನ್ನೂ, ಆನಂತರ ಕರುಳಿಲ್ಲದ ಶಿಶುವನ್ನೂ ಬೆಳೆಸಿ ತೋರಿಸಿದಾಗ, ಅದು ಹೆಚ್ಚುಕಡಿಮೆ ಕೊಬ್ಬಿಲ್ಲದ ಪದ್ಧತಿಯೇ ಆಗಿತ್ತು. ಅದೇ ದಶಕದ ಆರಂಭದಲ್ಲಿ ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್ ಸೋಯಾ ಎಣ್ಣೆ ಮತ್ತು ಮೊಟ್ಟೆಯ ಫಾಸ್ಫೋಲಿಪಿಡ್ ಸೇರಿಸಿ ಇಂಟ್ರಾಲಿಪಿಡ್ ಎಂಬ ಸುರಕ್ಷಿತ ಎಮಲ್ಷನ್ ರೂಪಿಸಿದ್ದರೂ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಗಲು 1970ರ ದಶಕದ ನಡುವಿನವರೆಗೆ ಕಾಯಬೇಕಾಯಿತು. ಈ ನಡುವಿನ ವರ್ಷಗಳಲ್ಲಿ ಕೊಬ್ಬಿಲ್ಲದ ದ್ರವಾಹಾರದ ಮೇಲೆ ವಾರಗಟ್ಟಲೆ ಇದ್ದ ರೋಗಿಗಳ ಚರ್ಮ ಒಣಗಿ ಹೊಟ್ಟೆದ್ದಿತು, ಕೂದಲು ಉದುರಿತು, ಗಾಯ ಮಾಯುವುದು ನಿಧಾನವಾಯಿತು, ಪ್ಲೇಟ್‌ಲೆಟ್‌ಗಳು ಕುಸಿದವು. ಇದು ಲಿನೋಲಿಯಿಕ್ ಆಮ್ಲ ಮತ್ತು ಆಲ್ಫಾ ಲಿನೋಲೆನಿಕ್ ಆಮ್ಲ ಎಂಬ ಎರಡು ಅತ್ಯಗತ್ಯ ಕೊಬ್ಬಿನಾಮ್ಲಗಳ ಕೊರತೆ. ಇವನ್ನು ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾರದು.

ಇಲ್ಲಿ ಓದುಗರು ಸಾಮಾನ್ಯವಾಗಿ ತಡೆದು ಕೇಳುತ್ತಾರೆ: ತುಂಬಿದ ಮೈಯ ಮನುಷ್ಯನ ಚರ್ಮದಡಿಯಲ್ಲಿ ಬೇಕಾದಷ್ಟು ಕೊಬ್ಬಿರುವಾಗ, ಅದರಲ್ಲಿ ಲಿನೋಲಿಯಿಕ್ ಆಮ್ಲವೂ ಇರುವಾಗ ಕೊರತೆ ಹೇಗೆ ಬರುತ್ತದೆ? ಉಪವಾಸವಿದ್ದರೆ ಬೇಗ ಬರುವುದಿಲ್ಲ, ಆ ಕೊಬ್ಬು ಕರಗಿ ರಕ್ತಕ್ಕೆ ಬರುತ್ತದೆ. ಆದರೆ ಇಪ್ಪತ್ನಾಲ್ಕು ಗಂಟೆಯೂ ಗ್ಲೂಕೋಸ್ ಹರಿಯುತ್ತಿದ್ದರೆ ಇನ್ಸುಲಿನ್ ಸದಾ ಏರಿಯೇ ಇರುತ್ತದೆ, ಮತ್ತು ಇನ್ಸುಲಿನ್ ಏರಿರುವಷ್ಟು ಕಾಲ ಕೊಬ್ಬಿನ ಉಗ್ರಾಣಕ್ಕೆ ಬೀಗ ಬಿದ್ದಿರುತ್ತದೆ. ಹೀಗಾಗಿ ಮೈಯಲ್ಲಿ ಕೊಬ್ಬಿದ್ದೂ ಅಂಗಾಂಶಗಳಿಗೆ ಅದು ತಲುಪುವುದಿಲ್ಲ. ರಕ್ತಪರೀಕ್ಷೆಯಲ್ಲಿ ಈ ಕೊರತೆಯ ಗುರುತು ಒಂದೆರಡು ವಾರಗಳಲ್ಲೇ ಕಾಣಿಸಿಕೊಳ್ಳಬಹುದು, ಚರ್ಮದ ಲಕ್ಷಣಗಳು ಆನಂತರ ಬರುತ್ತವೆ. ಇದನ್ನು ತಡೆಯಲು ಬೇಕಾದ ಪ್ರಮಾಣ ದೊಡ್ಡದೇನಲ್ಲ. ವಯಸ್ಕರಿಗೆ ವಾರಕ್ಕೆ ಸುಮಾರು 100 ಗ್ರಾಂ ಕೊಬ್ಬಿನಷ್ಟು ಸೋಯಾ ಎಣ್ಣೆಯ ಎಮಲ್ಷನ್ ಸಾಕಾಗುತ್ತದೆ.

ಹಾಗಿದ್ದರೆ ವಾರಕ್ಕೆರಡು ಬಾಟಲಿ ಕೊಟ್ಟು ಸುಮ್ಮನಿರಬಹುದಲ್ಲ, ಪ್ರತಿದಿನ ಏಕೆ? ಕಾರಣ, ಕೊಬ್ಬು ಇಲ್ಲಿ ಉರುವಲೂ ಹೌದು. ನಿಮ್ಮ ತಂದೆಯವರ ತೂಕವನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಶಸ್ತ್ರಚಿಕಿತ್ಸೆಯ ರೋಗಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 25ರಿಂದ 30 ಕಿಲೋಕ್ಯಾಲರಿ ಬೇಕೆಂಬುದು ವಾಡಿಕೆಯ ಅಂದಾಜು. ಕೆಳಗಿನ ಅಂಕಿಯನ್ನು ಹಿಡಿದರೆ 1500 ಕಿಲೋಕ್ಯಾಲರಿ. ಪ್ರೋಟೀನ್ ಕಿಲೋಗೆ 1.5 ಗ್ರಾಂನಂತೆ 90 ಗ್ರಾಂ, ಅದರಿಂದ 360 ಕಿಲೋಕ್ಯಾಲರಿ. ಉಳಿದ 1140ನ್ನು ಗ್ಲೂಕೋಸ್ ಒಂದರಿಂದಲೇ ತುಂಬಿಸಬೇಕೆಂದರೆ ದಿನಕ್ಕೆ ಸುಮಾರು 335 ಗ್ರಾಂ ಬೇಕು, ಅಂದರೆ ಪ್ರತಿ ನಿಮಿಷಕ್ಕೆ ಪ್ರತಿ ಕಿಲೋಗೆ ಸುಮಾರು 3.9 ಮಿಲಿಗ್ರಾಂ. ದೇಹ ಗ್ಲೂಕೋಸನ್ನು ಉರಿಸಬಲ್ಲ ಮೇಲ್ಮಿತಿಯೇ 4ರಿಂದ 5 ಮಿಲಿಗ್ರಾಂ, ಮತ್ತು ಸೋಂಕು ಹಾಗೂ ಶಸ್ತ್ರಚಿಕಿತ್ಸೆಯ ಆಘಾತದಲ್ಲಿ ಸಕ್ಕರೆ ಕಾಯಿಲೆಯವರ ದೇಹ ಅಷ್ಟನ್ನೂ ತಡೆದುಕೊಳ್ಳುವುದಿಲ್ಲ. ಮಿತಿ ಮೀರಿದ ಗ್ಲೂಕೋಸ್ ಯಕೃತ್ತಿನಲ್ಲಿ ಕೊಬ್ಬಾಗಿ ಕೂರುತ್ತದೆ, ರಕ್ತದ ಸಕ್ಕರೆಯನ್ನು ಏರಿಸಿ ಸೋಂಕಿಗೆ ಎಡೆ ಮಾಡಿಕೊಡುತ್ತದೆ, ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿ ಉಸಿರಾಟದ ಮೇಲೆ ಹೊರೆ ಹಾಕುತ್ತದೆ. ಅದೇ ಲೆಕ್ಕಕ್ಕೆ ಕಿಲೋಗೆ 1 ಗ್ರಾಂ ಕೊಬ್ಬು, ಅಂದರೆ 20 ಶೇಕಡಾ ಎಮಲ್ಷನ್‌ನ 300 ಮಿಲಿಲೀಟರ್ ಸೇರಿಸಿ ನೋಡಿ. ಅದು 600 ಕಿಲೋಕ್ಯಾಲರಿ ಕೊಡುತ್ತದೆ. ಗ್ಲೂಕೋಸ್ 160 ಗ್ರಾಂ ಆಸುಪಾಸಿಗೆ, ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಇನ್ಸುಲಿನ್ನಿನ ಅಗತ್ಯವೂ ಇಳಿಯುತ್ತದೆ. ಆದ್ದರಿಂದ ‘ಸಕ್ಕರೆ ಕಾಯಿಲೆಯವರಿಗೆ ಕೊಬ್ಬು ಬೇಡ, ಗ್ಲೂಕೋಸ್ ಕೊಡಿ’ ಎಂಬುದು ಇಲ್ಲಿ ತಿರುಗುಮುರುಗಾದ ಸಲಹೆ.

ಗ್ಲೂಕೋಸಿನ ಗಟ್ಟಿ ದ್ರವ ಸಣ್ಣ ರಕ್ತನಾಳಗಳನ್ನು ಸುಡುವಷ್ಟು ತೀಕ್ಷ್ಣ. ಅದಕ್ಕೇ ಕುತ್ತಿಗೆಯ ದೊಡ್ಡ ನಾಳ ಬೇಕಾಗುತ್ತದೆ. ಕೊಬ್ಬಿನ ಎಮಲ್ಷನ್ ಹಾಗಲ್ಲ, ರಕ್ತದ ಸಾಂದ್ರತೆಗೆ ಹತ್ತಿರವಿರುವುದರಿಂದ ಅದನ್ನು ಕೈಯ ರಕ್ತನಾಳದಿಂದಲೂ ಕೊಡಬಹುದು.

ಈ ಎಲ್ಲಕ್ಕಿಂತ ಮೊದಲು ಕೇಳಬೇಕಾದ, ಆದರೆ ನೀವು ಕೇಳದೇ ಇರುವ ಪ್ರಶ್ನೆಯೊಂದಿದೆ: ರಕ್ತನಾಳದ ಮೂಲಕ ಆಹಾರ ಈ ರೋಗಿಗೆ ನಿಜವಾಗಿ ಬೇಕೇ? ಯಾವ ಎಣ್ಣೆ ಎಂಬ ಚರ್ಚೆಗಿಂತ ಇದು ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾಗಲಿದ್ದ 395 ಅಪೌಷ್ಟಿಕ ರೋಗಿಗಳ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಪ್ರಯೋಗ ಈ ವಿಷಯದಲ್ಲಿ ಎಲ್ಲರ ಕಣ್ಣು ತೆರೆಸಿತು. ಶಸ್ತ್ರಚಿಕಿತ್ಸೆಯ ಮುಂಚೆ ಮತ್ತು ನಂತರ ರಕ್ತನಾಳದ ಮೂಲಕ ಪೂರ್ಣ ಆಹಾರ ಪಡೆದವರಲ್ಲಿ, ತೀವ್ರ ಅಪೌಷ್ಟಿಕತೆ ಇದ್ದವರಿಗೆ ಮಾತ್ರ ಸೋಂಕೇತರ ತೊಡಕುಗಳು ಕಡಿಮೆಯಾಗಿ ಲಾಭವಾಯಿತು. ಅಲ್ಪ ಪ್ರಮಾಣದ ಅಪೌಷ್ಟಿಕತೆ ಇದ್ದವರಿಗೆ ಲಾಭವೇನೂ ಆಗದೆ ಸೋಂಕುಗಳೇ ಹೆಚ್ಚಾದವು. ಕರುಳು ಕೆಲಸ ಮಾಡುತ್ತಿದ್ದರೆ ಕರುಳಿನ ಮೂಲಕವೇ ಆಹಾರ ಕೊಡಬೇಕು ಎಂಬ ಇಂದಿನ ನಿಯಮದ ಹಿಂದೆ ಇಂತಹ ಅನುಭವಗಳಿವೆ. ಬಾಯಿಯಿಂದಲೂ ಕೊಳವೆಯಿಂದಲೂ ಒಂದು ವಾರಕ್ಕೂ ಹೆಚ್ಚು ಕಾಲ ಅಗತ್ಯದ ಅರ್ಧದಷ್ಟೂ ಹೋಗಲಾರದು ಎಂದು ಕಂಡಾಗ ರಕ್ತನಾಳದ ಆಹಾರಕ್ಕೆ ಕೈಹಾಕುತ್ತಾರೆ. ಜೋಡಣೆ ಸೋರಿ, ಎರಡನೆಯ ಶಸ್ತ್ರಚಿಕಿತ್ಸೆಯಾಗಿ, ಕರುಳು ಇನ್ನೂ ಚಲಿಸದಿರುವ ನಿಮ್ಮ ತಂದೆಯವರು ಆ ಗುಂಪಿಗೆ ಸ್ಪಷ್ಟವಾಗಿ ಸೇರುತ್ತಾರೆ. ಅವರ ವಿಷಯದಲ್ಲಿ ಈ ತೀರ್ಮಾನವನ್ನು ನಾನು ಪ್ರಶ್ನಿಸುವುದಿಲ್ಲ.

ಇನ್ನು ಯಾವ ಎಣ್ಣೆ ಎಂಬ ವಿಚಾರ. ಸೋಯಾ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಅರ್ಧಕ್ಕೂ ಹೆಚ್ಚು ಒಮೆಗಾ-6 ವರ್ಗದ ಲಿನೋಲಿಯಿಕ್ ಆಮ್ಲ. ದೇಹ ಅದರಿಂದ ಅರಾಕಿಡೋನಿಕ್ ಆಮ್ಲವನ್ನೂ, ಅದರಿಂದ ಉರಿಯೂತವನ್ನು ಕೆರಳಿಸುವ ಪ್ರೋಸ್ಟಗ್ಲಾಂಡಿನ್ ಮತ್ತು ಲ್ಯೂಕೋಟ್ರಯಿನ್‌ಗಳನ್ನೂ ತಯಾರಿಸುತ್ತದೆ. ಈಗಾಗಲೇ ಉರಿಯೂತದಲ್ಲಿ ಬೇಯುತ್ತಿರುವ ರೋಗಿಗೆ ಇದು ಉರಿಯುವ ಬೆಂಕಿಗೆ ಎಣ್ಣೆ ಸುರಿದಂತಾಗುವುದಿಲ್ಲವೇ ಎಂಬ ಶಂಕೆ ಹುಟ್ಟಿದ್ದು ಇದರಿಂದಲೇ. 1997ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ತೀವ್ರ ಗಾಯಾಳುಗಳಿಗೆ ಮೊದಲ ಹತ್ತು ದಿನ ಕೊಬ್ಬಿಲ್ಲದ ದ್ರವಾಹಾರ ಕೊಟ್ಟಾಗ ಸೋಂಕೂ, ಕೃತಕ ಉಸಿರಾಟದ ದಿನಗಳೂ ಕಡಿಮೆಯಾದವು. ಆದರೆ ಆ ಗುಂಪಿಗೆ ಕೊಬ್ಬನ್ನು ತೆಗೆದುಹಾಕಿ ಅದರ ಜಾಗದಲ್ಲಿ ಬೇರೇನನ್ನೂ ಕೊಟ್ಟಿರಲಿಲ್ಲ. ಹೀಗಾಗಿ ಲಾಭ ಬಂದದ್ದು ಕೊಬ್ಬು ಬಿಟ್ಟದ್ದರಿಂದಲೋ, ಒಟ್ಟು ಕ್ಯಾಲರಿ ಇಳಿದದ್ದರಿಂದಲೋ ಎಂಬುದನ್ನು ಬಿಡಿಸಿ ಹೇಳಲು ಸಾಧ್ಯವಾಗಲಿಲ್ಲ. ಆದರೂ ಅದರ ಪ್ರಭಾವ ದೀರ್ಘಕಾಲ ಉಳಿಯಿತು. ಐಸಿಯು ರೋಗಿಗಳಿಗೆ ಮೊದಲ ವಾರ ಸೋಯಾ ಎಮಲ್ಷನ್ ಕೊಡದಿರುವುದು ಅಥವಾ ಮಿತಗೊಳಿಸುವುದು ಒಳ್ಳೆಯದೆಂದು ಅಮೆರಿಕದ 2016ರ ಮಾರ್ಗಸೂಚಿ ಸೂಚಿಸಿತ್ತು. 2022ರ ಮಾರ್ಗಸೂಚಿ ಆ ನಿಲುವನ್ನು ಬಿಟ್ಟು, ಮೊದಲ ವಾರದಲ್ಲಿಯೂ ಸೋಯಾ ಎಮಲ್ಷನ್ ಅಥವಾ ಮಿಶ್ರ ಎಣ್ಣೆಗಳ ಎಮಲ್ಷನ್ ಯಾವುದನ್ನಾದರೂ ಕೊಡಬಹುದೆಂದಿತು. ನೀವು ಓದಿದ ಹಳೆಯ ಬರಹಗಳಲ್ಲಿ ‘ಮೊದಲ ವಾರ ಕೊಬ್ಬು ವಿಷ’ ಎಂಬ ಧಾಟಿ ಕಂಡಿದ್ದರೆ ಅದರ ಮೂಲ ಇದು.

ಸೋಯಾ ಎಣ್ಣೆಯ ಪಾಲನ್ನು ತಗ್ಗಿಸುವ ದಾರಿಗಳು ಒಂದೊಂದಾಗಿ ಬಂದವು. ಮೊದಲು ಬಂದದ್ದು ತೆಂಗಿನ ಎಣ್ಣೆ ಮತ್ತು ತಾಳೆಬೀಜದ ಎಣ್ಣೆಯಿಂದ ದೊರೆಯುವ ಮಧ್ಯಮ ಸರಪಳಿಯ ಕೊಬ್ಬು. ಇದನ್ನು ಸಾಮಾನ್ಯವಾಗಿ ಸೋಯಾ ಎಣ್ಣೆಯೊಂದಿಗೆ ಅರ್ಧಕ್ಕರ್ಧ ಬೆರೆಸುತ್ತಾರೆ. ಇದು ರಕ್ತದಿಂದ ಬೇಗ ತೆರವಾಗುತ್ತದೆ, ಬಹುಮಟ್ಟಿಗೆ ಕಾರ್ನಿಟೈನ್ ಎಂಬ ಸಾಗಣೆಯ ವಸ್ತುವಿನ ನೆರವಿಲ್ಲದೆಯೇ ಜೀವಕೋಶದ ಉರುವಲು ಘಟಕವನ್ನು ಹೊಕ್ಕು ಉರಿಯುತ್ತದೆ, ಆದರೆ ಇದರಲ್ಲಿ ಅತ್ಯಗತ್ಯ ಕೊಬ್ಬಿನಾಮ್ಲ ಇಲ್ಲ. ಆನಂತರ ಆಲಿವ್ ಎಣ್ಣೆ ಐದರಲ್ಲಿ ನಾಲ್ಕು ಪಾಲು ಮತ್ತು ಸೋಯಾ ಒಂದು ಪಾಲು ಇರುವ ಎಮಲ್ಷನ್ ಬಂತು. ಆಲಿವ್ ಎಣ್ಣೆಯ ಓಲಿಯಿಕ್ ಆಮ್ಲ ರೋಗನಿರೋಧಕ ವ್ಯವಸ್ಥೆಯ ವಿಷಯದಲ್ಲಿ ಹೆಚ್ಚುಕಡಿಮೆ ತಟಸ್ಥ, ಕಮಟಾಗುವ ಪ್ರವೃತ್ತಿಯೂ ಅದಕ್ಕೆ ಕಡಿಮೆ. ಕೊನೆಗೆ ಮೀನೆಣ್ಣೆ. ಅದರಲ್ಲಿರುವ ಉದ್ದ ಸರಪಳಿಯ ಒಮೆಗಾ-3 ಆಮ್ಲಗಳು ಜೀವಕೋಶದ ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲದ ಜಾಗವನ್ನು ಭಾಗಶಃ ಆಕ್ರಮಿಸಿ, ಉರಿಯೂತದ ಸಂಕೇತಗಳನ್ನು ಮಂದಗೊಳಿಸುತ್ತವೆ. ಉರಿಯೂತ ಶಮನವಾಗಲು ನೆರವಾಗುವ ರಿಸಾಲ್ವಿನ್ ಎಂಬ ವಸ್ತುಗಳೂ ಅವುಗಳಿಂದ ಹುಟ್ಟುತ್ತವೆ. ಈಗ ಹೆಚ್ಚು ಬಳಕೆಯಲ್ಲಿರುವ ಮಿಶ್ರಣವಾದ ಸ್ಮಾಫ್‌ಲಿಪಿಡ್‌ನಲ್ಲಿ 30 ಶೇಕಡಾ ಸೋಯಾ, 30 ಶೇಕಡಾ ಮಧ್ಯಮ ಸರಪಳಿಯ ಕೊಬ್ಬು, 25 ಶೇಕಡಾ ಆಲಿವ್, 15 ಶೇಕಡಾ ಮೀನೆಣ್ಣೆ ಇರುತ್ತದೆ.

ಸಾಕ್ಷ್ಯ ಏನು ಹೇಳುತ್ತದೆ? ಒಮೆಗಾ-3 ಸೇರಿಸಿದ ದ್ರವಾಹಾರವನ್ನು ಸೇರಿಸದ ಆಹಾರದೊಂದಿಗೆ ಹೋಲಿಸಿದ 49 ಪ್ರಯೋಗಗಳನ್ನು ಒಟ್ಟುಗೂಡಿಸಿದ 2020ರ ವಿಶ್ಲೇಷಣೆಯಲ್ಲಿ ಸೋಂಕಿನ ಅಪಾಯ ಸುಮಾರು 40 ಶೇಕಡಾ ಕಡಿಮೆ ಕಂಡಿತು, ಆಸ್ಪತ್ರೆಯ ವಾಸ್ತವ್ಯ ಸುಮಾರು ಎರಡು ದಿನ ಕಡಿಮೆಯಾಯಿತು. ಸಾವಿನ ಪ್ರಮಾಣದಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಇದರಲ್ಲಿ ಸೇರಿದ ಪ್ರಯೋಗಗಳಲ್ಲಿ ಅನೇಕವು ಚಿಕ್ಕವು, ಮತ್ತು ಚಿಕ್ಕ ಪ್ರಯೋಗಗಳನ್ನು ಕೂಡಿಸಿದಾಗ ಲಾಭ ಇರುವುದಕ್ಕಿಂತ ದೊಡ್ಡದಾಗಿ ಕಾಣುವ ಸಂಭವವಿದೆ. ಈ ಎಲ್ಲವನ್ನೂ ತೂಗಿ ನೋಡಿದರೆ, ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ರಕ್ತನಾಳದ ಆಹಾರ ಅನಿವಾರ್ಯವಾದಾಗ ಮೀನೆಣ್ಣೆ ಸೇರಿದ ಮಿಶ್ರ ಎಮಲ್ಷನ್ ಸಿಗುವಂತಿದ್ದರೆ ನಾನು ಅದನ್ನೇ ಆರಿಸುತ್ತೇನೆ, ಯೂರೋಪಿನ ಮಾರ್ಗಸೂಚಿಗಳ ಒಲವೂ ಅತ್ತಲೇ ಇದೆ. ಆದರೆ ಸೋಯಾ ಎಮಲ್ಷನ್ ಮಾತ್ರ ಇರುವ ಆಸ್ಪತ್ರೆಯಲ್ಲಿ ರೋಗಿಗೆ ಅನ್ಯಾಯವಾಗುತ್ತಿದೆ ಎಂದು ಭಾವಿಸುವುದಿಲ್ಲ. ಎರಡು ವಾರ ಸರಿಯಾದ ವೇಗದಲ್ಲಿ ಕೊಟ್ಟ ಸೋಯಾ ಎಮಲ್ಷನ್, ಅವಸರದಲ್ಲಿ ಹರಿಸಿದ ಮೀನೆಣ್ಣೆಗಿಂತ ಮೇಲು. ತಿಂಗಳುಗಟ್ಟಲೆ ಈ ಆಹಾರದ ಮೇಲೆಯೇ ಬದುಕಬೇಕಾದವರ ಮಾತು ಬೇರೆ. ಸೋಯಾ ಎಣ್ಣೆಯಲ್ಲಿನ ಸಸ್ಯಜನ್ಯ ಸ್ಟೆರಾಲ್‌ಗಳು ಯಕೃತ್ತಿನಲ್ಲಿ ಪಿತ್ತದ ಹರಿವನ್ನು ಕುಂದಿಸಬಲ್ಲವು, ಅಲ್ಲಿ ಎಣ್ಣೆಯ ಆಯ್ಕೆ ನಿಜಕ್ಕೂ ದೊಡ್ಡ ಪ್ರಶ್ನೆ. ಮೀನೆಣ್ಣೆಯೊಂದನ್ನೇ ಕೊಡಿ ಎಂದು ಮಾತ್ರ ಕೇಳಬೇಡಿ. ಅದರಲ್ಲಿ ಲಿನೋಲಿಯಿಕ್ ಆಮ್ಲ ಬಹಳ ಕಡಿಮೆ, ವಯಸ್ಕರಿಗೆ ಅದು ಬೇರೆ ಎಣ್ಣೆಯ ಜೊತೆಗಿರಬೇಕಾದದ್ದು.

ಈಗ ಪ್ರಮಾಣ ಮತ್ತು ವೇಗ. ಸಾಮಾನ್ಯವಾಗಿ ದಿನಕ್ಕೆ ಪ್ರತಿ ಕಿಲೋಗೆ 0.7ರಿಂದ 1.5 ಗ್ರಾಂ ಕೊಬ್ಬು ಕೊಡುತ್ತಾರೆ, ತೀವ್ರ ಅಸ್ವಸ್ಥರಲ್ಲಿ 1.5ನ್ನು ಮೀರುವುದಿಲ್ಲ. ವೇಗ ಗಂಟೆಗೆ ಪ್ರತಿ ಕಿಲೋಗೆ 0.11 ಗ್ರಾಂ ದಾಟಬಾರದು. ನಿಮ್ಮ ತಂದೆಯವರಿಗೆ ದಿನಕ್ಕೆ 60 ಗ್ರಾಂ ಎಂದಾದರೆ ಒಂಬತ್ತು ಗಂಟೆಗಿಂತ ಕಡಿಮೆ ಅವಧಿಯಲ್ಲಿ ಅದು ಮುಗಿಯಬಾರದು; ಇಡೀ ದಿನಕ್ಕೆ ಹಂಚಿದರೆ 20 ಶೇಕಡಾ ದ್ರವ ಗಂಟೆಗೆ 12.5 ಮಿಲಿಲೀಟರಿನಂತೆ ಹೋಗುತ್ತದೆ. ನನ್ನ ಅನುಭವದಲ್ಲಿ ಕಂಡ ತೊಂದರೆಗಳಲ್ಲಿ ಹೆಚ್ಚಿನವು ಎಣ್ಣೆಯ ಜಾತಿಯಿಂದ ಬಂದವಲ್ಲ, ಪಂಪಿಲ್ಲದೆ ಅಂದಾಜಿನ ಮೇಲೆ ಹನಿ ಬಿಟ್ಟದ್ದರಿಂದ ಬಂದವು. ಅದೇ ಕಿಣ್ವದ ಮಿತಿಯ ಮಾತು ಇದು: ತೆರವಾಗುವುದಕ್ಕಿಂತ ಬೇಗ ಸುರಿದರೆ ಕೊಬ್ಬು ರಕ್ತದಲ್ಲಿ ನಿಲ್ಲುತ್ತದೆ. ಹಾಗೆ ಬಹಳ ನಿಂತಾಗ ಜ್ವರ, ಯಕೃತ್ತು ಮತ್ತು ಗುಲ್ಮದ ಊತ, ಕಾಮಾಲೆ, ಪ್ಲೇಟ್‌ಲೆಟ್ ಕುಸಿತ, ರಕ್ತಸ್ರಾವ ಕಾಣಿಸಿಕೊಳ್ಳುತ್ತವೆ. ಇದನ್ನು ಕೊಬ್ಬಿನ ಅತಿಭಾರದ ಲಕ್ಷಣಕೂಟ ಎನ್ನುತ್ತೇವೆ. ಅಪರೂಪವಾದರೂ ಇದು ಬಹುಪಾಲು ತಪ್ಪಿಸಬಹುದಾದ ಅಪಾಯ, ಮತ್ತು ದ್ರವವನ್ನು ನಿಲ್ಲಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. 10 ಶೇಕಡಾ ದ್ರವ ತೆಳುವಾದ್ದರಿಂದ ಹೆಚ್ಚು ಸೌಮ್ಯ ಎಂಬ ತಪ್ಪು ಕಲ್ಪನೆಯೂ ಇದೆ. ಅದರಲ್ಲಿ ಕೊಬ್ಬಿನ ಪ್ರಮಾಣಕ್ಕೆ ಹೋಲಿಸಿದರೆ ಫಾಸ್ಫೋಲಿಪಿಡ್ ಹೆಚ್ಚಾಗಿದ್ದು, ಆ ಹೆಚ್ಚುವರಿ ಭಾಗ ಕೊಬ್ಬು ತೆರವಾಗುವುದಕ್ಕೆ ತಡೆಯೊಡ್ಡಿ ರಕ್ತದ ಕೊಲೆಸ್ಟರಾಲ್ ಏರಿಸುತ್ತದೆ. ಆದ್ದರಿಂದ 20 ಶೇಕಡಾ ದ್ರವವೇ ಮೇಲು.

ಅವರ 310ರ ಟ್ರೈಗ್ಲಿಸರೈಡ್ ಕೊಬ್ಬನ್ನು ನಿಲ್ಲಿಸಲು ಕಾರಣವಲ್ಲ, ಕಣ್ಣಿಡಲು ಕಾರಣ. ಡೆಸಿಲೀಟರಿಗೆ 400 ಮಿಲಿಗ್ರಾಂ ದಾಟಿದರೆ ಪ್ರಮಾಣ ತಗ್ಗಿಸುತ್ತಾರೆ ಅಥವಾ ತಾತ್ಕಾಲಿಕವಾಗಿ ನಿಲ್ಲಿಸುತ್ತಾರೆ, ಏಕೆಂದರೆ ಬಹಳ ಏರಿದ ಟ್ರೈಗ್ಲಿಸರೈಡ್ ಮೇದೋಜೀರಕ ಗ್ರಂಥಿಯ ಉರಿಯೂತವನ್ನು ತರಬಲ್ಲದು. ಆದರೆ ಈ ಅಂಕಿ ಏರಿದಾಗಲೆಲ್ಲ ಎಮಲ್ಷನ್‌ನತ್ತ ಬೆರಳು ತೋರಿಸುವುದು ಸರಿಯಲ್ಲ. ಸೋಂಕಿನಲ್ಲಿ ಕೊಬ್ಬನ್ನು ಒಡೆಯುವ ಆ ಕಿಣ್ವವೇ ಮಂದವಾಗುತ್ತದೆ. ಇನ್ಸುಲಿನ್ ಸಾಲದಿದ್ದಾಗಲೂ ಮಂದವಾಗುತ್ತದೆ. ಅತಿಯಾದ ಗ್ಲೂಕೋಸನ್ನು ಯಕೃತ್ತು ಟ್ರೈಗ್ಲಿಸರೈಡ್ ಆಗಿ ಮಾರ್ಪಡಿಸಿ ರಕ್ತಕ್ಕೆ ಬಿಡುತ್ತದೆ. ಸಕ್ಕರೆ ಹತೋಟಿಗೆ ಬಂದು ಗ್ಲೂಕೋಸ್ ತಗ್ಗಿದ ಮೇಲೆ, ಕೊಬ್ಬನ್ನು ಮುಟ್ಟದೆಯೇ ಈ ಅಂಕಿ ಇಳಿದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮರೆತುಹೋಗುವ ಇನ್ನೊಂದು ಮೂಲ ಪ್ರೊಪೊಫಾಲ್ ಎಂಬ ನಿದ್ರೆಯ ಔಷಧ. ಅದನ್ನು ಕರಗಿಸಿರುವುದೇ 10 ಶೇಕಡಾ ಕೊಬ್ಬಿನ ಎಮಲ್ಷನ್‌ನಲ್ಲಿ. ಕೃತಕ ಉಸಿರಾಟದಲ್ಲಿರುವ ರೋಗಿಗೆ ಅದು ಗಂಟೆಗೆ 15 ಮಿಲಿಲೀಟರಿನಂತೆ ದಿನವಿಡೀ ಹೋದರೆ 36 ಗ್ರಾಂ ಕೊಬ್ಬು ಯಾರ ಲೆಕ್ಕಕ್ಕೂ ಸಿಗದೆ ಒಳಸೇರಿರುತ್ತದೆ. ನಿಮ್ಮ ತಂದೆಯವರು ಆ ಔಷಧದ ಮೇಲಿದ್ದರೆ ಅದನ್ನೂ ದಿನದ ಮಿತಿಯೊಳಗೆ ಎಣಿಸಬೇಕು.

ಸಂದರ್ಭ ಬಂದಿದ್ದರಿಂದ ಒಂದು ಮಾತು: ಇದೇ ಬಿಳಿಯ ದ್ರವವನ್ನು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಬೇರೊಂದು ಕಾರಣಕ್ಕೆ ಸಿದ್ಧವಾಗಿಡುತ್ತಾರೆ. ಸ್ಥಳೀಯ ಅರಿವಳಿಕೆಯ ಔಷಧ ಆಕಸ್ಮಿಕವಾಗಿ ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೆ ಸೇರಿ ಹೃದಯ ನಿಂತಾಗ, 20 ಶೇಕಡಾ ಎಮಲ್ಷನ್ ಅನ್ನು ಕಿಲೋಗೆ 1.5 ಮಿಲಿಲೀಟರಿನಂತೆ ತ್ವರಿತವಾಗಿ ಕೊಟ್ಟು ಆ ಔಷಧವನ್ನು ಹೃದಯದಿಂದ ಸೆಳೆದುಕೊಳ್ಳುವಂತೆ ಮಾಡುತ್ತಾರೆ. ಅದು ಜೀವ ಉಳಿಸುವ ತುರ್ತು ಪ್ರಯೋಗ, ಅಲ್ಲಿನ ವೇಗವನ್ನು ಆಹಾರಕ್ಕೆ ಹೋಲಿಸಬಾರದು.

ಬಾಟಲಿಯ ವಿಷಯದಲ್ಲಿ ನೀವೂ ಗಮನಿಸಬಹುದಾದ ಸಂಗತಿಗಳಿವೆ. ಕೊಬ್ಬಿನ ದ್ರವದಲ್ಲಿ ಸೂಕ್ಷ್ಮಜೀವಿಗಳು, ಅದರಲ್ಲೂ ಶಿಲೀಂಧ್ರಗಳು, ಚೆನ್ನಾಗಿ ಬೆಳೆಯುತ್ತವೆ. ಆದ್ದರಿಂದ ಪ್ರತ್ಯೇಕವಾಗಿ ತೂಗುಹಾಕಿದ ಬಾಟಲಿಯನ್ನು 12 ಗಂಟೆಯೊಳಗೆ ಮುಗಿಸುವುದು ಅಥವಾ ಬದಲಿಸುವುದು ರೂಢಿ. ಅಮೈನೋ ಆಮ್ಲ, ಗ್ಲೂಕೋಸ್, ಕೊಬ್ಬು ಮೂರೂ ಬೆರೆತ ಒಂದೇ ಚೀಲ 24 ಗಂಟೆ ಇರಬಹುದು. ಮೇಲ್ಭಾಗದಲ್ಲಿ ತೆಳುವಾದ ಬಿಳಿಯ ಕೆನೆ ಕಟ್ಟಿದ್ದು ಮೆಲ್ಲಗೆ ಅಲುಗಿಸಿದಾಗ ಬೆರೆತುಹೋದರೆ ಚಿಂತೆಯಿಲ್ಲ. ಹಾಲು ಒಡೆದ ಹಾಗೆ ದ್ರವ ಒಡೆದು ಹಳದಿ ಎಣ್ಣೆಯ ಗೆರೆಯೋ ತೊಟ್ಟುಗಳೋ ಕಂಡರೆ ಅದನ್ನು ತಕ್ಷಣ ನಿಲ್ಲಿಸಬೇಕು, ದಾದಿಯರನ್ನು ಕರೆಯಲು ಸಂಕೋಚ ಬೇಡ. ಕ್ಯಾಲ್ಸಿಯಂ, ಮೆಗ್ನೀಸಿಯಂನಂತಹ ಲವಣಗಳನ್ನೋ ಆಮ್ಲೀಯ ಔಷಧವನ್ನೋ ವಾರ್ಡಿನಲ್ಲಿ ಚೀಲದೊಳಕ್ಕೆ ಸೇರಿಸಿದಾಗ ಹನಿಗಳ ಹೊದಿಕೆ ಕೆಟ್ಟು ಹೀಗೆ ಒಡೆಯುತ್ತದೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದೇ ಇಲ್ಲ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಹರಳುಗಟ್ಟಿದರೂ ದ್ರವದ ಬಿಳುಪು ಅದನ್ನು ಮರೆಮಾಚುತ್ತದೆ. ಇಂತಹ ಹರಳುಗಳಿಂದ ಎರಡು ಸಾವುಗಳು ಸಂಭವಿಸಿದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1994ರಲ್ಲಿ ಎಚ್ಚರಿಕೆ ಹೊರಡಿಸಿತು; ಕೊಬ್ಬು ಇರುವ ದ್ರವಕ್ಕೆ 1.2 ಮೈಕ್ರಾನ್ ಫಿಲ್ಟರ್ ಹಾಕುವ ಪದ್ಧತಿಯ ಹಿಂದೆ ಈ ಘಟನೆಯ ನೆನಪೂ ಇದೆ.

ಕೊಡುವ ಮೊದಲೇ ವೈದ್ಯರಿಗೆ ನೀವು ಹೇಳಬೇಕಾದ ವಿವರಗಳೂ ಇವೆ. ಮೊಟ್ಟೆ, ಸೋಯಾ, ಕಡಲೆಕಾಯಿ ಅಥವಾ ಮೀನಿನ ಅಲರ್ಜಿ ಇದ್ದರೆ ಅದು ಮುಖ್ಯ. ಮೊಟ್ಟೆ, ಮೀನು ಸೇವಿಸದವರಾಗಿದ್ದರೆ, ಈ ದ್ರವಗಳಲ್ಲಿ ಮೊಟ್ಟೆಯ ಅಂಶ ಇದ್ದೇ ಇರುತ್ತದೆ ಎಂಬುದನ್ನು ತಿಳಿದುಕೊಳ್ಳುವ ಹಕ್ಕು ಅವರಿಗಿದೆ; ಮೊದಲೇ ತಿಳಿಸಿದರೆ ಬಹಳ ಮಂದಿ ಒಪ್ಪುತ್ತಾರೆ, ಆಮೇಲೆ ತಿಳಿದಾಗ ನೊಂದುಕೊಳ್ಳುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ, ಸೋಯಾ ಮತ್ತು ಆಲಿವ್ ಎಣ್ಣೆಗಳಲ್ಲಿರುವ ವಿಟಮಿನ್ ಕೆ ಅದರ ಪರಿಣಾಮವನ್ನು ಕುಗ್ಗಿಸುತ್ತದೆ. ಬಹಳ ದಿನ ಏನೂ ತಿನ್ನದೆ ತೂಕ ಕಳೆದುಕೊಂಡಿದ್ದರೆ ಆಹಾರವನ್ನು ಪೂರ್ಣ ಪ್ರಮಾಣದಲ್ಲಿ ಒಮ್ಮೆಗೇ ಆರಂಭಿಸಬಾರದು. ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯಕ್ಕೆ ಅಪಾಯವಾಗಬಹುದಾದ್ದರಿಂದ ಇವನ್ನು ನೋಡಿಕೊಂಡು, ಥಯಾಮಿನ್ (ವಿಟಮಿನ್ ಬಿ1) ಕೊಟ್ಟು, ಕೆಲವು ದಿನಗಳಲ್ಲಿ ಏರಿಸುತ್ತಾರೆ. ಆಘಾತದ ಸ್ಥಿತಿಯಲ್ಲಿ ರಕ್ತದೊತ್ತಡ ಇನ್ನೂ ನೆಲೆಗೊಳ್ಳದಿರುವಾಗ ಕೊಬ್ಬನ್ನು ಆರಂಭಿಸುವುದಿಲ್ಲ.

ನಾಳೆ ವೈದ್ಯರು ರೋಗಿಗಳನ್ನು ನೋಡಲು ವಾರ್ಡಿಗೆ ಬಂದಾಗ ಮೀನೆಣ್ಣೆಯ ಬಗ್ಗೆ ಕೇಳುವುದರಲ್ಲಿ ತಪ್ಪಿಲ್ಲ. ಅದಕ್ಕೂ ಮೊದಲು, ದಿನಕ್ಕೆ ಎಷ್ಟು ಗ್ರಾಂ ಕೊಬ್ಬು ಹೋಗುತ್ತಿದೆ, ಪಂಪಿನ ಮೂಲಕ ಹೋಗುತ್ತಿದೆಯೇ, ಟ್ರೈಗ್ಲಿಸರೈಡನ್ನು ಮುಂದೆ ಯಾವಾಗ ಪರೀಕ್ಷಿಸುತ್ತಾರೆ, ಕರುಳಿನ ಮೂಲಕ ಆಹಾರ ಆರಂಭಿಸುವ ಯೋಚನೆ ಯಾವಾಗ ಎಂದು ಕೇಳಿ. ಸೋರಿಕೆ ಹತೋಟಿಗೆ ಬಂದು ಹೊಟ್ಟೆಯ ಊತ ಇಳಿದರೆ, ಮೂಗಿನ ಕೊಳವೆಯಲ್ಲಿ ಗಂಟೆಗೆ 10ರಿಂದ 20 ಮಿಲಿಲೀಟರಿನಷ್ಟು ದ್ರವಾಹಾರದಿಂದ ಶುರುಮಾಡುತ್ತಾರೆ. ಅದು ಏರುತ್ತಾ ಹೋದಂತೆ ರಕ್ತನಾಳದ ಚೀಲ ಚಿಕ್ಕದಾಗುತ್ತಾ ಬರುತ್ತದೆ. ಕರುಳಿನ ಮೂಲಕ ಅಗತ್ಯದ 60 ಶೇಕಡಾದಷ್ಟು ಹೋಗಲಾರಂಭಿಸಿದಾಗ ಬಿಳಿಯ ದ್ರವವನ್ನು ನಿಲ್ಲಿಸಿಬಿಡುತ್ತಾರೆ.